ಅತ್ತಿಗೆ ಹೊಲಿದ ದೋಣಿಲಂಗ

ನನ್ನ ಅತ್ತಿಗೆ ಹೊಲಿಗೆಯವಳು. ಅಂಗಡಿ ಒಂದೇ, ಬಾಗಿಲೂ ಒಂದೇ. ಎಡಕ್ಕೆ ಅಣ್ಣ ಕುಳಿತು ಬೀಗದ ಕೈಗೆ ಅರ ಹಾಕುತ್ತಾನೆ, ಬಲಕ್ಕೆ ಇವಳು ಮಿಷನ್ ತುಳಿಯುತ್ತಾಳೆ. ಅವನ ಕಬ್ಬಿಣದ ಪುಡಿ ಇವಳ ಬಿಳಿ ಬಟ್ಟೆಯ ಮೇಲೆ ಹಾರುತ್ತದೆಂದು ಮದುವೆಯಾದಾಗಿನಿಂದ ಜಗಳ. ನಡುವೆ ಒಂದು ಹಳೆಯ ಪರದೆ ಕಟ್ಟಿದ್ದಾರೆ, ಪುಡಿ ನಿಂತಿದೆ, ಜಗಳ ನಿಂತಿಲ್ಲ. ಆಸ್ಪತ್ರೆಯಲ್ಲಿ ದಿನವಿಡೀ ಜನರ ರಕ್ತ ತೆಗೆದು ಸಾಕಾಗಿ ನಾನು ಸಂಜೆ ಅಲ್ಲಿಗೆ ಹೋಗಿ ಕುಳಿತರೆ ಇಬ್ಬರೂ ನನ್ನನ್ನೇ ನ್ಯಾಯ ಕೇಳುತ್ತಾರೆ. ನಾನು ಯಾವಾಗಲೂ ಅತ್ತಿಗೆಯ ಪಕ್ಷ. ಅತ್ತಿಗೆ ನಾದಿನಿ ಎಂದರೆ ಎಣ್ಣೆ ಸೀಗೆಕಾಯಿ ಎನ್ನುವವರು ನಮ್ಮಿಬ್ಬರನ್ನು ನೋಡಿಲ್ಲ.

ಅತ್ತಿಗೆಗೆ ಒಂದು ರೋಗವಿದೆ. ಬಟ್ಟೆಯಲ್ಲಿ ಎಲ್ಲೇ ಒಂದು ಎಳೆ ಇಣುಕಿದರೂ ಅವಳು ಸಹಿಸಲಾರಳು. ಕತ್ತರಿಸಬೇಕು, ಇಲ್ಲವೇ ಒಳಗೆ ಸೇರಿಸಿ ಹೊಲಿಯಬೇಕು. ಬಸ್ಸಿನಲ್ಲಿ ಮುಂದೆ ಕುಳಿತ ಅಪರಿಚಿತರ ಕತ್ತಿನ ಹಿಂದೆ ದಾರದ ತುದಿ ಕಂಡರೆ ಚೀಲದಿಂದ ಪುಟ್ಟ ಕತ್ತರಿ ತೆಗೆಯುತ್ತಾಳೆ. ಒಮ್ಮೆ ಒಬ್ಬ ಹೆಂಗಸು ಸರಗಳ್ಳಿ ಎಂದು ಕೂಗಿಕೊಂಡು, ಕಂಡಕ್ಟರು ಬಂದು, ನಾನು ಆಸ್ಪತ್ರೆಯ ಗುರುತಿನ ಚೀಟಿ ತೋರಿಸಿ ಇವಳನ್ನು ಬಿಡಿಸಿಕೊಂಡು ಬಂದೆ.

ಈಚೆಗೆ ಅವಳ ಕೆಲಸ ಕಡಿಮೆಯಾಗಿತ್ತು. ಎಲ್ಲರೂ ಸಿದ್ಧ ಉಡುಪು ಕೊಳ್ಳುತ್ತಾರೆ, ಹರಿದರೆ ಎಸೆಯುತ್ತಾರೆ. ಜಿಪ್ ಹಾಕುವುದು, ಪ್ಯಾಂಟಿನ ಕಾಲು ಮಡಚುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ವರ್ಷ ಕಳೆಯುವುದರೊಳಗೆ ಮಿಷನ್ ಮಾರುವ ಮಾತು ಎತ್ತಿದ್ದಳು. "ಕೈ ಸುಮ್ನೆ ಕೂತ್ರೆ ನನಗೆ ಹುಚ್ಚು ಹಿಡಿಯುತ್ತೆ ಕಣೇ" ಎಂದು ನನಗೊಬ್ಬಳಿಗೇ ಹೇಳಿದ್ದಳು.

ಅಂಥ ಹೊತ್ತಿನಲ್ಲಿ ಗೈಡ್ ಮೇಡಂ ಅಂಗಡಿಗೆ ಬಂದರು. ಬಿಸಿಲಿಗೆ ಮೂಗು ಸುಲಿದ, ದೊಡ್ಡ ದನಿಯ ಹೆಂಗಸು. ಜನರಿಗೆ ಕಡಲಿನಲ್ಲಿ ಕಯಾಕ್ ಓಡಿಸಲು ಕಲಿಸಿ, ರಸ್ತೆಯೇ ಇಲ್ಲದ ದಡಗಳಿಗೆ ಕರೆದೊಯ್ದು ಟೆಂಟಿನಲ್ಲಿ ಮಲಗಿಸುವುದು ಅವರ ಕಸುಬು. ಕೈಯಲ್ಲಿ ಒಂದು ಹರಿದ ರಬ್ಬರ್ ಬಟ್ಟೆ ಇತ್ತು. ಕಯಾಕ್ ಎಂದರೆ ಕಿರಿದಾದ ದೋಣಿ, ಮೇಲೆ ಕೂರಲು ಒಂದೇ ತೂತು. ಈ ಬಟ್ಟೆಯನ್ನು ಸೊಂಟಕ್ಕೆ ಹಾಕಿಕೊಂಡು ಅದರ ಅಂಚನ್ನು ತೂತಿನ ಸುತ್ತ ಬಿಗಿದರೆ ಅಲೆಯ ನೀರು ಒಳಗೆ ಬರುವುದಿಲ್ಲ. ಅವರು ಅದಕ್ಕೆ ಸ್ಕರ್ಟ್ ಎಂದರು. ಅತ್ತಿಗೆ ದೋಣಿಲಂಗ ಎಂದು ಹೆಸರಿಟ್ಟಳು.

"ಇದನ್ನ ಮಾದರಿಗೆ ಇಟ್ಕೊಂಡು ಒಂದು ಪ್ರವಾಸಕ್ಕೆ ಆಗೋಷ್ಟು ಹೊಲ್ಕೊಡಿ. ಚೆನ್ನಾಗಿದ್ರೆ ನನ್ನ ಕೆಲಸ, ನನ್ನ ಜೊತೆಯವರ ಕೆಲಸ, ಎಲ್ಲಾ ನಿಮಗೇ. ಆದ್ರೆ ಒಂದು ಕಂಡೀಷನ್. ಹೊಲಿದವರು ನಮ್ಮ ಜೊತೆ ಬರ್ಬೇಕು. ತಾವು ಹೊಲಿದದ್ದನ್ನ ಹಾಕ್ಕೊಂಡು ಎಲ್ಲರಿಗಿಂತ ಮೊದಲು ನೀರಲ್ಲಿ ಮಗುಚಬೇಕು. ನನ್ನಲ್ಲಿ ಅದೇ ರೂಢಿ."

ಅತ್ತಿಗೆ ಹುಟ್ಟಿದಾಗಿನಿಂದ ತಲೆಯನ್ನು ನೀರಿನೊಳಗೆ ಅದ್ದಿದವಳಲ್ಲ. ಚೊಂಬಿನಿಂದ ತಲೆಗೆ ನೀರು ಹುಯ್ದುಕೊಳ್ಳುವಾಗಲೂ ಮೂಗು ಹಿಡಿದುಕೊಳ್ಳುತ್ತಾಳೆ. ಆದರೂ "ಆಯ್ತು" ಎಂದುಬಿಟ್ಟಳು. ಪರದೆಯ ಆಚೆಯಿಂದ ಅಣ್ಣ, "ಮುಳುಗೋಕೆ ಅಷ್ಟು ದೂರ ಯಾಕೆ ಹೋಗ್ಬೇಕು, ಮನೇಲಿ ಬಕೆಟ್ ಇಲ್ವಾ?" ಎಂದ. ಆದರೆ ಅಂದು ಸಂಜೆಯೇ ನನ್ನ ಬಳಿ ಬಂದು, "ನೀನೂ ಹೋಗು ಮಾರಾಯ್ತಿ, ಒಬ್ಬಳನ್ನೇ ಕಳಿಸಬೇಡ" ಎಂದು ಅಂಗಲಾಚಿದ.

ಹೊಲಿಗೆ ಮುಗಿಯುತ್ತಾ ಬಂದಾಗ ಗೈಡ್ ಮೇಡಂ ಫೋನ್ ಮಾಡಿದ್ದರು. ಅಣ್ಣನ ಅರದ ಸದ್ದಿನ ನಡುವೆ ನನಗೂ ಕೇಳಿಸಿತು. "ಮುಂದಿನ ಎಳೆ ಮಾತ್ರ ಮರೀಬೇಡಿ. ಪ್ರತಿಯೊಂದರಲ್ಲೂ ನೋಡ್ಕೊಳ್ಳಿ." ಫೋನ್ ಇಟ್ಟ ಅತ್ತಿಗೆಗೆ ಸಿಟ್ಟು ಬಂದಿತ್ತು. "ನನಗೆ ಎಳೆ ಪಾಠ ಹೇಳ್ತಾಳಲ್ಲ ಇವಳು!" ಎಂದು ಕನ್ನಡಕ ಏರಿಸಿಕೊಂಡು ಮತ್ತೆ ಬಗ್ಗಿದಳು.

ಪ್ರವಾಸಕ್ಕೆ ನಾವು ಹೆಚ್ಚು ಜನ ಇರಲಿಲ್ಲ. ಅತ್ತಿಗೆ, ನಾನು, ಹೊಸದಾಗಿ ಮದುವೆಯಾದ ಒಂದು ಜೋಡಿ, ನಿವೃತ್ತ ಬಸ್ ಡ್ರೈವರ್ ಒಬ್ಬರು. ಅವರನ್ನು ಎಲ್ಲರೂ ಡ್ರೈವರಣ್ಣ ಎಂದೆವು. ಮೊದಲ ಬೆಳಗ್ಗೆ ಅಲೆಯಿಲ್ಲದ ಕೊಲ್ಲಿಯಲ್ಲಿ, ಲಂಗವಿಲ್ಲದೆ, ಬರೀ ಹುಟ್ಟು ಹಾಕುವುದನ್ನು ಕಲಿತೆವು. ಡ್ರೈವರಣ್ಣ "ಇದಕ್ಕೆ ಬ್ರೇಕ್ ಎಲ್ಲಿ ಮೇಡಂ?" ಎಂದು ಕೇಳಿದರು. ನನ್ನ ದೋಣಿ ಬುಗುರಿಯ ಹಾಗೆ ಇದ್ದಲ್ಲೇ ತಿರುಗುತ್ತಿತ್ತು. ಹುಟ್ಟು ಸರಿಯಿಲ್ಲ, ಗಾಳಿ ಸರಿಯಿಲ್ಲ ಎಂದು ಗೊಣಗಿದೆ. ಕುಣಿಯಲಾರದವಳಿಗೆ ನೆಲ ಡೊಂಕು.

ಅತ್ತಿಗೆ ಮಾತ್ರ ನೇರವಾಗಿ ಹೋಗುತ್ತಿದ್ದಳು. ತೋಳಿನಲ್ಲಿ ಎಳೆಯಬೇಡಿ, ಬಲಕ್ಕೆ ಹುಟ್ಟು ಹಾಕುವಾಗ ಬಲಗಾಲು ಒತ್ತಿ, ಎಡಕ್ಕೆ ಹಾಕುವಾಗ ಎಡಗಾಲು ಒತ್ತಿ, ಸೊಂಟ ತಿರುಗಲಿ ಎಂದು ಗೈಡ್ ಮೇಡಂ ಹೇಳಿದ್ದರು. ಕಾಲು ಒತ್ತುವುದು ಅವಳಿಗೆ ಹೊಸದೇ? "ಮಿಷನ್ ತುಳಿದ ಹಾಗೇ ಇದೆ ಕಣೇ!" ಎಂದು ನನ್ನನ್ನು ದಾಟಿ ಹೋಗುವಾಗ ಕೂಗಿದಳು. ಅಷ್ಟು ಸಂತೋಷದ ದನಿಯನ್ನು ಅವಳ ಬಾಯಿಂದ ಕೇಳಿ ಎಷ್ಟೋ ಕಾಲವಾಗಿತ್ತು. ನನ್ನ ದೋಣಿ ತಿರುಗುತ್ತಲೇ ಇತ್ತು, ನನಗೆ ಬೇಜಾರಾಗಲಿಲ್ಲ.

ಮಧ್ಯಾಹ್ನ ಬಂಡೆಗಳ ನಡುವಿನ ಸಣ್ಣದೊಂದು ಮರಳ ದಡ ಸೇರಿ ಟೆಂಟ್ ಹೊಡೆದೆವು. ಮರುದಿನ ಭೂಶಿರವನ್ನು ಸುತ್ತಿಕೊಂಡು ತೆರೆದ ಕಡಲಿಗೆ ಹೋಗಬೇಕು. ಅದಕ್ಕೆ ಮೊದಲು ಎಲ್ಲರೂ ಮಗುಚುವುದನ್ನು ಕಲಿಯಬೇಕು. ಗೈಡ್ ಮೇಡಂ ತಮ್ಮ ಹಳೆಯ ಲಂಗ ಹಾಕಿಕೊಂಡು ಮರಳಿನ ಮೇಲೆಯೇ ದೋಣಿಯಲ್ಲಿ ಕೂತು ತೋರಿಸಿದರು. ಲಂಗದ ಮುಂಭಾಗದಲ್ಲಿ ಒಂದು ಪಟ್ಟಿ ಹೊರಗೆ ಚಾಚಿಕೊಂಡಿರುತ್ತದೆ. ದೋಣಿ ಮಗುಚಿ ತಲೆ ನೀರಿನೊಳಗೆ ಹೋದಾಗ ಆ ಪಟ್ಟಿ ಹಿಡಿದು ಎಳೆದರೆ ಲಂಗ ಬಿಚ್ಚಿಕೊಂಡು ಮನುಷ್ಯ ಹೊರಗೆ ಬರುತ್ತಾನೆ. "ಬಾಗು, ಎಳೆ, ಈಚೆ ಬಾ. ಮೂರೇ ಮಾತು. ನೀರೊಳಗೆ ಬಹುವಚನ ಇಲ್ಲ, ಯಾರೂ ಬೇಜಾರ್ ಮಾಡ್ಕೋಬೇಡಿ." ಎಲ್ಲರೂ ನಕ್ಕರು. ಅತ್ತಿಗೆ ನಗಲಿಲ್ಲ. ಭಯಕ್ಕೆ ಕಣ್ಣು ನೋಡಿದ್ದು ತಲೆಗೆ ಹತ್ತಲಿಲ್ಲ ಎಂದು ಆಮೇಲೆ ಹೇಳಿದಳು.

ರೂಢಿಯಂತೆ ಅವಳೇ ಮೊದಲು. ತಾನು ಹೊಲಿದ ಲಂಗ ತೊಟ್ಟು, ಅಂಚು ಬಿಗಿದುಕೊಂಡು ಕೂತಳು. ಗೈಡ್ ಮೇಡಂ ಎದೆಮಟ್ಟದ ನೀರಿನಲ್ಲಿ ದೋಣಿ ಹಿಡಿದು ನಿಂತರು. "ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು" ಎಂದು ಗೊಣಗಿ, ಮೂಗು ಹಿಡಿದು ಅತ್ತಿಗೆ ಪಕ್ಕಕ್ಕೆ ವಾಲಿದಳು. ದೋಣಿ ತಿರುಗಿ ತಳ ಮೇಲಾಯಿತು. ಅವಳು ಹೊರಗೆ ಬರಲಿಲ್ಲ. ಬಂದಾಳು ಎಂದು ಕಾದೆವು. ನೀರಿನೊಳಗಿನಿಂದ ದೋಣಿಯ ಬದಿಗೆ ಅಂಗೈ ಬಡಿಯುವ ಸದ್ದು ಕೇಳಿಸಿತು, ಧಪ್ ಧಪ್ ಎಂದು. ಅಷ್ಟರಲ್ಲಿ ಗೈಡ್ ಮೇಡಂ ದೋಣಿಯನ್ನು ಒಂದೇ ಏಟಿಗೆ ತಿರುಗಿಸಿ ನೆಟ್ಟಗೆ ನಿಲ್ಲಿಸಿದ್ದರು.

ಅತ್ತಿಗೆ ಕೆಮ್ಮಿದಳು, ನೀರು ಉಗುಳಿದಳು, ದಡದತ್ತ ತಿರುಗಿ ಕಿರುಚಿದಳು: "ಯಾರೂ ಹಾಕ್ಕೋಬೇಡಿ! ಎಲ್ಲಾರೂ ಬಿಚ್ಚಿ! ಈಗ್ಲೇ ಬಿಚ್ಚಿ!"

ಡ್ರೈವರಣ್ಣ ಅದನ್ನು ಆಗಷ್ಟೇ ಕಷ್ಟಪಟ್ಟು ಹೊಟ್ಟೆಯ ಮೇಲೆ ಏರಿಸಿಕೊಂಡಿದ್ದರು. "ಹಾಕೋಕೇ ಅರ್ಧ ದಿನ ಆಯ್ತಲ್ಲಮ್ಮ" ಎಂದರು. ಅವಳ ಮುಖ ನೋಡಿ ಬಿಚ್ಚಿದರು.

ಆದದ್ದು ಇಷ್ಟೇ. ಗೈಡ್ ಮೇಡಂ ಆ ಪಟ್ಟಿಗೇ ಎಳೆ ಎನ್ನುತ್ತಿದ್ದರು, ಎಳೆಯುವುದು ಎಂಬ ಅರ್ಥದಲ್ಲಿ. ಅತ್ತಿಗೆಯ ನಿಘಂಟಿನಲ್ಲಿ ಎಳೆ ಎಂದರೆ ಹೊರಗೆ ಇಣುಕುವ ನೂಲು, ನೋಡಿಕೊಳ್ಳಿ ಎಂದರೆ ಮರೆಮಾಡಿ. ಮಾದರಿಯಲ್ಲಿ ಪಟ್ಟಿ ಜೋಲಾಡುತ್ತಿದ್ದದ್ದನ್ನು ಕಂಡು ಹಳೆಯದಾಗಿ ಕಿತ್ತುಬಂದಿದೆ ಎಂದುಕೊಂಡು, ಪ್ರತಿಯೊಂದು ಲಂಗದಲ್ಲೂ ಅದನ್ನು ಚಪ್ಪಟೆಯಾಗಿ ಮಲಗಿಸಿ, ಅಂಚಿಗೆ ಕೂಡಿಸಿ, ಕಣ್ಣಿಗೆ ಕಾಣದ ಕೈಹೊಲಿಗೆ ಹಾಕಿಬಿಟ್ಟಿದ್ದಳು. ಹೊಲಿಗೆ ಎಷ್ಟು ಚೆಂದವಾಗಿತ್ತೆಂದರೆ, ನೀರಿನೊಳಗೆ ಅವಳ ಬೆರಳಿಗೇ ಅದು ಸಿಗಲಿಲ್ಲ.

ಗೈಡ್ ಮೇಡಂ ಮರಳಿನ ಮೇಲೆ ಅವಳ ಪಕ್ಕ ಕೂತರು. "ತಪ್ಪು ನಂದೂ ಇದೆ. ಪಟ್ಟಿ ಇದೆಯಾ ಅಂತ ನೋಡ್ದೆ. ಎಳೆದು ನೋಡ್ಲಿಲ್ಲ."

ಅತ್ತಿಗೆ ಅವರ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಕೈಗೆ ಮುತ್ತು ಕೊಡ್ಬೇಕು ನಾನು. ಮೊದಲು ನನ್ನನ್ನೇ ಮುಳುಗಿಸಿದ್ರಲ್ಲ. ಆ ಹುಡುಗಿ ಮುಳುಗಿದ್ರೆ?" ಎಂದು ಹೊಸ ಜೋಡಿಯ ಹೆಣ್ಣನ್ನು ತೋರಿಸಿ ಗೊಳೋ ಎಂದು ಅತ್ತಳು. "ನನಗೆ ಈ ಕೆಲಸ ಬೇಡಮ್ಮ. ಮಿಷನ್ ಮಾರಿಬಿಡ್ತೀನಿ. ಈ ಕೈನ ಇನ್ನು ನಂಬೋದು ಹೇಗೆ?"

"ಮಾರೋದು ಆಮೇಲೆ ಮಾರಿ. ನಾಳೆ ಇವರೆಲ್ಲ ಏನು ಹಾಕ್ಕೋಬೇಕು? ಮೊದಲು ಬಿಚ್ಚಿ ಹೊಲೀರಿ" ಎಂದು ಗೈಡ್ ಮೇಡಂ ಎದ್ದುಹೋದರು. ಆಗ ನನಗೆ ಕೋಪ ಬಂದಿತ್ತು, ಸಮಾಧಾನದ ಒಂದು ಮಾತೂ ಆಡಲಿಲ್ಲವಲ್ಲ ಎಂದು. ಈಗ ನೆನೆದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಸೂರ್ಯ ಇಳಿಯುವ ಮೊದಲೇ ಅತ್ತಿಗೆ ಎಲ್ಲ ಲಂಗಗಳನ್ನೂ ತೊಡೆಯ ಮೇಲೆ ಹಾಕಿಕೊಂಡು ಹೊಲಿಗೆ ಬಿಚ್ಚಿದಳು. ಪಟ್ಟಿ ಕಣ್ಣಿಗೆ ಹೊಡೆಯುವಂತಿರಬೇಕು, ಕೈ ತುಂಬ ಸಿಗುವಂತಿರಬೇಕು ಎಂದಳು. ಡ್ರೈವರಣ್ಣ ತಮ್ಮ ಕೆಂಪು ಟವೆಲ್ ಕೊಟ್ಟರು. "ಮೈ ಒರೆಸ್ಕೊಳ್ಳೋಕೆ ಗಾಳಿ ಇದೆಯಲ್ಲ, ಹರೀರಿ ತಾಯಿ." ಅವಳು ಅದನ್ನು ಸೀಳಿ, ಮಡಚಿ, ಒಂದೊಂದು ಪಟ್ಟಿಯ ತುದಿಗೂ ದಪ್ಪನೆಯ ಕೆಂಪು ಹಿಡಿಕೆ ಹೊಲಿದಳು. ಹೊಸ ಜೋಡಿ ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಡುತ್ತಿತ್ತು. ಅಡುಗೆ ನಾನು ಮಾಡಿದೆ. ಅನ್ನ ಸೀದುಹೋಗಿದ್ದರೂ ಎಲ್ಲರೂ ತಿಂದು ಮುಗಿಸಿದರು.

ಬೆಳಗ್ಗೆ ಗೈಡ್ ಮೇಡಂ, "ಸರಿ, ಒಬ್ಬೊಬ್ಬರೇ ಬನ್ನಿ" ಎಂದರು. ಅತ್ತಿಗೆ ಅಡ್ಡ ನಿಂತಳು. "ಇಲ್ಲ. ಎಲ್ಲದರಲ್ಲೂ ಮೊದಲು ನಾನು."

"ಒಂದರಲ್ಲಿ ಮಾಡಿದ್ರೆ ಸಾಕಲ್ಲಮ್ಮ."

"ಒಂದೇ ಹೊಲಿದಿಲ್ಲ ನಾನು. ಇಷ್ಟೂ ಹೊಲಿದಿದ್ದೀನಿ."

ಮೂಗು ಹಿಡಿಯದೆ ನೀರು ಹುಯ್ದುಕೊಳ್ಳಲಾರದವಳು ಒಂದು ಲಂಗ ತೊಟ್ಟು ಮಗುಚಿದಳು, ಎಳೆದಳು, ಎದ್ದು ಬಂದಳು. ಅದನ್ನು ಕಳಚಿ ಇನ್ನೊಂದು ತೊಟ್ಟಳು. ತುಟಿ ನೀಲಿಯಾಗಿತ್ತು, ಕಣ್ಣು ಕೆಂಪಾಗಿತ್ತು. ಸಾಕು ಬಾರೇ ಎಂದು ನಾನು ಬೈದೆ, ಬೇಡಿಕೊಂಡೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಯದು ನನ್ನದು. ಅದರಲ್ಲಿ ಅವಳು ನೀರಿನಡಿ ಮಗುಚಿದ್ದಾಗ ನಾನು ದಡದಲ್ಲಿ ನಿಂತು ಕೈ ಮುಗಿದುಕೊಂಡಿದ್ದೆ. ನನಗೆ ಇಂಥವಳನ್ನು ಅತ್ತಿಗೆಯಾಗಿ ತಂದುಕೊಟ್ಟದ್ದಕ್ಕೆ ಅಣ್ಣನಿಗೆ ಒಂದು ದಿನವೂ ನಾನು ಒಳ್ಳೆಯ ಮಾತು ಹೇಳಿಲ್ಲವಲ್ಲ ಎನಿಸಿತು.

ಅವಳ ನಂತರ ನಾವೆಲ್ಲ ಒಬ್ಬೊಬ್ಬರಾಗಿ ಮಗುಚಿ ಎದ್ದೆವು, ಆಮೇಲೆ ಹೊರಟೆವು. ಭೂಶಿರ ದಾಟುತ್ತಿದ್ದಂತೆ ಅಲೆಗಳು ದೊಡ್ಡವಾದವು. ಮುಂದಿನ ದೋಣಿಯವರ ತಲೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ. ಡ್ರೈವರಣ್ಣ ಹಿಂದಕ್ಕೆ ತಿರುಗಿ ನಮಗೇನೋ ಹೇಳಲು ಹೋದರು. ಪಕ್ಕದಿಂದ ಬಂದ ಅಲೆ ಅವರ ದೋಣಿಯನ್ನು ಎತ್ತಿ ತಿರುಗಿಸಿಬಿಟ್ಟಿತು. ದೋಣಿಯ ತಳ ಮಾತ್ರ ಕಂಡಿತು.

ಅತ್ತಿಗೆಯ ಹುಟ್ಟು ನಿಂತುಹೋಯಿತು. "ಎಳೆ!" ಎಂದು ನೀರಿಗೆ ಕೂಗಿದಳು. "ಎಳೆ! ಎಳೆ!" ತನಗಿಂತ ಹಿರಿಯ ಮನುಷ್ಯನಿಗೆ, ಏಕವಚನದಲ್ಲಿ.

ಡ್ರೈವರಣ್ಣನ ತಲೆ ಮೇಲೆ ಬಂತು. ಉಸಿರೆಳೆದುಕೊಂಡು ಬಲಗೈ ಎತ್ತಿದರು. ಮುಷ್ಟಿಯಲ್ಲಿ ಕೆಂಪು ಹಿಡಿಕೆ ಇತ್ತು, ಲಂಗ ಅವರ ಸೊಂಟದ ಸುತ್ತ ತೇಲುತ್ತಿತ್ತು. "ಕೈಗೇ ಬಂತು ತಾಯಿ! ಹುಡುಕಲೇ ಇಲ್ಲ!"

ಗೈಡ್ ಮೇಡಂ ಅವರನ್ನು ದೋಣಿಗೆ ಹತ್ತಿಸಿ, ನೀರು ತೋಡಿದರು. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ವಾಪಸ್ ಹೋದ ತಕ್ಷಣ ಉಳಿದ ಲಂಗಗಳಿಗೆ ಬಟ್ಟೆ ಕಳಿಸ್ತೀನಿ, ನಂದೂ ನನ್ನ ಜೊತೆಯವರದ್ದೂ" ಎಂದರು. ಅತ್ತಿಗೆ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಅವಳು ತನ್ನ ದೋಣಿಯನ್ನು ಡ್ರೈವರಣ್ಣನ ದೋಣಿಯ ಮಗ್ಗುಲಿಗೆ ತಂದು, ಬಾಗಿ, ಅವರ ಕೈಗಳನ್ನು ಸರಿಸಿ, ಲಂಗದ ಅಂಚನ್ನು ತಾನೇ ಹಿಂದಿನಿಂದ ಮುಂದಕ್ಕೆ ಬಿಗಿಯುತ್ತಿದ್ದಳು. ಹಿಡಿಕೆಯನ್ನು ಹೊರಗೆ ಎಳೆದು ಬಿಟ್ಟಳು.

"ನಿಮ್ಮ ಉಪಕಾರ ಮರೆಯೋಲ್ಲಮ್ಮ" ಎಂದರು ಡ್ರೈವರಣ್ಣ.

"ಅಯ್ಯೋ, ನಾನು ಹೇಳ್ಬೇಕು ಅದನ್ನ" ಎಂದಳು ಅತ್ತಿಗೆ. ಅವಳ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. "ನೀವು ಎದ್ದು ಬಂದ್ರಲ್ಲ."