ಕಾಗವಾಡದ ಬಾವಿಯ ಹರಳು

ಚಿಮ್ಮಿ, ಬಾಳ್ಯಾ, ಕಾಗವಾಡದ ಹರಳನ್ನು ಯಾರೋ ಪ್ರಾಧ್ಯಾಪಕರು ಹುಡುಕಿದರು ಎಂದು ಮುಂದೆ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದನ್ನು ನೆಲದಿಂದ ತೆಗೆದವರು ನಿಮ್ಮ ಅಜ್ಜ. ನಾನು ಎದುರಿಗೆ ಕೂತು ವಾದ ಮಾಡುವವಳಲ್ಲ, ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜ ಬಾವಿ ತೋಡುವವರು. ರಾಯಬಾಗದಿಂದ ಅಥಣಿಯವರೆಗೆ ಅವರ ಕೈಯಿಂದ ನೀರು ಕಂಡ ಹೊಲಗಳು ಬಹಳ. ಕರಿಕಲ್ಲು ಒಡೆದಾಗ ಕೆಲವೊಮ್ಮೆ ಒಳಗೆ ಪೊಟರೆ, ಅದರೊಳಗೆ ಹರಳು ಸಿಗುತ್ತಿತ್ತು. ನೀರು ಬಿದ್ದ ದಿನ ಆ ಬಾವಿಯ ಒಂದು ಕಲ್ಲನ್ನು ಮನೆಗೆ ತರುವುದು ಅವರ ಪದ್ಧತಿ. ನಾನು ಅದನ್ನು ಗಂಗವ್ವ ಎಂದು ದೇವರ ಜಗಲಿಯ ಮೇಲಿಟ್ಟು ಪ್ರತಿ ಶುಕ್ರವಾರ ಅರಿಷಿಣ ಹಚ್ಚುತ್ತಿದ್ದೆ. ಅವರು ಹೋದ ಮೇಲೂ ಬಿಡಲಿಲ್ಲ. ನೀನು ಅರಿಷಿಣದ ಬಟ್ಟಲು ಮುಟ್ಟಬಾರದು ಎಂದವರಿಗೆ ನಾನು ಉತ್ತರ ಕೊಡಲಿಲ್ಲ, ಬಟ್ಟಲನ್ನೂ ಕೊಡಲಿಲ್ಲ.

ಹೋದ ವರ್ಷ ನಿಪ್ಪಾಣಿ ಕಡೆಯ ಒಬ್ಬ ಹುಡುಗಿ ಬಂದಳು. ಕಲ್ಲಿನ ಮೇಲೆ ದೊಡ್ಡ ಓದು ಓದುತ್ತಿದ್ದಳು. ಯಾವ ಕಲ್ಲು ಯಾವ ಬಾವಿಯದು, ಎಷ್ಟು ಆಳದಲ್ಲಿ ಸಿಕ್ಕಿತು ಎಂದು ನಾನು ಹೇಳಿದೆ, ಅವಳು ಬರೆದುಕೊಂಡಳು. ಚಹಾ ಕುಡಿಯುತ್ತ ತನ್ನ ಕೆಲಸ ವಿವರಿಸಿದಳು. ಕಾಗವಾಡದ್ದು ಸುಣ್ಣದ ಹರಳು. ಅದರಲ್ಲಿ ಕ್ಯಾಲ್ಸಿಯಂ ಕಣಗಳು ಸಾಲಾಗಿ ಕೂತಿರುತ್ತವೆಯಂತೆ. ಅಲ್ಲೊಂದು ಇಲ್ಲೊಂದು ಜಾಗದಲ್ಲಿ ವಿರಳ ಧಾತುವಿನ ಕಣ ಬಂದು ಸೇರಿರುತ್ತದೆ. ಅದರ ಮೇಲೆ ಬೆಳಕು ಬಿಟ್ಟರೆ ಅದು ತನ್ನದೇ ಬಣ್ಣದ ಬೆಳಕನ್ನು ತಿರುಗಿ ಕೊಡುತ್ತದೆ. ಯಂತ್ರ ಆ ಬೆಳಕನ್ನು ಸಣ್ಣ ಗೆರೆಗಳಾಗಿ ಬಿಡಿಸುತ್ತದೆ. ಗೆರೆಗಳು ಎಷ್ಟು, ಹೇಗೆ ಸೀಳಿವೆ ಎಂಬುದನ್ನು ನೋಡಿ ಆ ಕಣದ ಸುತ್ತ ಯಾರು ಹೇಗೆ ಕೂತಿದ್ದಾರೆ ಎಂದು ಹೇಳಬಹುದು.

"ಅಂದ್ರ ಹೊಸಾ ಸೊಸಿ ಮಾರಿ ನೋಡಿ ಮನಿ ಹೆಂಗೈತಿ ಅಂತ ತಿಳಕೊಂಡಂಗ" ಎಂದೆ.

"ಆಯಿ, ನಮ್ಮ ಸರ್‌ಗಿಂತ ಛಲೋ ಹೇಳಿದ್ರಿ" ಎಂದು ನಕ್ಕಳು.

ಅವಳು ಕಲ್ಲುಗಳ ಮೇಲ್ಮೈಯಿಂದ ಚೂರುಗಳನ್ನು ಒಯ್ದು ಪರೀಕ್ಷೆ ಮಾಡಿದಾಗ ಗೆರೆಗಳೇ ಕಾಣಲಿಲ್ಲ. ಬರೀ ಹಳದಿ-ಹಸಿರು ಹೊಳಪು ಎಲ್ಲವನ್ನೂ ನುಂಗಿತ್ತು. ಆಗ ಅವಳ ಸರ್ ತಾವೇ ಬಂದರು. ಮಧ್ಯಾಹ್ನ ಕಿಟಕಿಗೆ ಕೌದಿ ಕಟ್ಟಿಸಿ, ನೇರಳೆ ದೀಪ ಹಿಡಿದು ಕಲ್ಲು ನೋಡಿದರು. ಕಲ್ಲಿನ ಸಂದು ಸಂದಿನಲ್ಲೂ ಅದೇ ಹಳದಿ ಹೊಳಪು. ಅವರು ಹುಡುಗಿಗೆ ಮರಾಠಿಯಲ್ಲಿ, "ಹಿನಂ ಕಾಹೀತರಿ ಲಾವಲಂಯ. ವಿಕಾಯಚಂ ಅಸಣಾರ" ಎಂದರು. ಇವಳು ಏನೋ ಹಚ್ಚಿದ್ದಾಳೆ, ಮಾರುವುದಿರಬೇಕು ಎಂದು. ಈ ಸೀಮೆಯಲ್ಲಿ ಮರಾಠಿ ತಿಳಿಯದ ಹೆಂಗಸು ಇರುತ್ತಾಳೆ ಎಂದು ಅವರಿಗೆ ಯಾರು ಹೇಳಿದ್ದರೋ.

ನಾನು ಬಾಗಿಲ ಹಿಂದೆ ನಿಂತಿದ್ದೆ. ಪರ ಗಂಡಸರ ಮುಂದೆ ನಾನು ಮಾತಾಡಿದವಳಲ್ಲ. ಆದರೆ ಅವರು ಮೋಸ ಹೊರಿಸಿದ್ದು ನನ್ನ ಮೇಲೆ ಮಾತ್ರ ಅಲ್ಲ, ಅಜ್ಜ ತಂದ ಕಲ್ಲಿನ ಮೇಲೆ. ಸೆರಗು ಸರಿಮಾಡಿಕೊಂಡು ಒಳಗೆ ಬಂದೆ.

"ಹಚ್ಚೀನ್ರಿ, ಸುಳ್ಳಲ್ಲ. ಅರಿಷಿಣ ಹಚ್ಚೀನಿ, ದೇವರಂತ. ಮಾರಾಕ ಅಲ್ಲ."

"ಮೊದಲೇ ಹೇಳಬೇಕಾಗಿತ್ತು" ಎಂದರು ಸರ್.

"ನೀವ್ ಕೇಳಿದ್ರೇನ್ರಿ?"

ಒರಳಿನ ಪಕ್ಕದಲ್ಲಿದ್ದ ಕಬ್ಬಿಣದ ಹಾರೆ ತಂದೆ. ಹುಡುಗಿ "ಬ್ಯಾಡ್ರಿ ಆಯಿ" ಎನ್ನುವಷ್ಟರಲ್ಲಿ ಕಾಗವಾಡದ ಕಲ್ಲನ್ನು ಹೊಡೆದೆ. ಅಜ್ಜ ತಂದ ಕಡೆಯ ಕಲ್ಲು ಅದು. ಆ ಬಾವಿಯ ನಂತರ ಅವರು ಹಾಸಿಗೆ ಹಿಡಿದರು. ಅದು ಎರಡು ಹೋಳಾಯಿತು. ಅರಿಷಿಣ ಎಂದೂ ತಲುಪದ ಒಳಮೈಗೆ ನೇರಳೆ ದೀಪ ಹಿಡಿದರೆ ಆ ಹಳದಿಯ ಸುಳಿವೇ ಇರಲಿಲ್ಲ. ಹುಡುಗಿ ಅಲ್ಲಿಂದ ಒಂದು ಚೂರು ತೆಗೆದು ಕಾಗದದಲ್ಲಿ ಸುತ್ತಿದಳು. ಸರ್ ವಾಚು ನೋಡಿಕೊಂಡರು.

ಮೂರು ತಿಂಗಳ ಮೇಲೆ ಹುಡುಗಿ ಆ ಹರಳಿನ ಬಗ್ಗೆ ಬರೆದು ಅಚ್ಚಾದ ಕಾಗದ ತಂದಳು. ಗೆರೆಗಳು ಚೂಪಾಗಿ ಬಂದಿದ್ದವು. ವಿರಳ ಧಾತು ಕ್ಯಾಲ್ಸಿಯಂ ಜಾಗದಲ್ಲೇ ಕೂತಿದೆ, ಆದರೆ ಸುತ್ತಲಿನ ಸಾಲು ತುಸು ವಾರೆಯಾಗಿದೆ ಎಂದು ಬೆರಳಿಟ್ಟು ತೋರಿಸಿದಳು. ಖುಷಿಯಾಯಿತು. ಆಮೇಲೆ, "ಕಲ್ಲು ಯಾರು ತಗದ್ರು ಅಂತ ಎಲ್ಲಿ ಬರದೀ?" ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. "ನಾ ಬರದಿದ್ನಿ ಆಯಿ. ಸರ್ ಹೊಡದ್ ಹಾಕಿದ್ರು. ತಾವ ಹುಡುಕಿದ್ದು ಅಂತ ಬರಿಸ್ಯಾರ."

ಕಣ್ಣಿಗೆ ಕಾಣದ ಒಂದು ಕಣ ಯಾವ ಜಾಗದಲ್ಲಿ ಕೂತಿದೆ ಎಂದು ಅಷ್ಟು ಕಷ್ಟಪಟ್ಟು ಬರೆದವರಿಗೆ, ನಲವತ್ತು ಮೊಳ ಕೆಳಗಿಳಿದು ಕಲ್ಲು ತಂದ ಮನುಷ್ಯನಿಗೆ ಒಂದು ಸಾಲಿನ ಜಾಗ ಕೊಡಲಾಗಲಿಲ್ಲ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳ ಓದು ಅವರ ಕೈಯಲ್ಲಿದೆ.

ಮುಂದಿನ ಪುಟಗಳಲ್ಲಿ ಎಲ್ಲ ಕಲ್ಲುಗಳದ್ದೂ ಬರೆದಿದ್ದೇನೆ: ಯಾವ ಊರು, ಯಾರ ಹೊಲ, ಎಷ್ಟು ಆಳ. ಪ್ರತಿಯೊಂದರ ಮುಂದೆಯೂ ತೆಗೆದವರು ನಿಮ್ಮ ಅಜ್ಜ ಎಂದಿದೆ. ಇದನ್ನು ಬೇರೆ ಎಲ್ಲೂ ಬರೆದಿಲ್ಲ. ಯಾರಾದರೂ ಕೇಳಿದರೆ ಓದಿ ತೋರಿಸಿ, ಒಯ್ಯಲು ಕೊಡಬೇಡಿ. ಗೆದ್ದಲು ಹತ್ತದ ಜಾಗದಲ್ಲಿ ಈ ಹಾಳೆಗಳನ್ನು ಜೋಪಾನವಾಗಿ ಇಡಿರಿ.