ಸಂಕ್ರಾಂತಿ ನಿಂತ ಮನೆ

ಅವರೆಕಾಯಿಯ ಸೊಗಡು ಮೂಗಿಗೆ ತಾಗಿದರೆ ನನಗೆ ಮೊದಲು ನೆನಪಾಗುವುದು ಹಲಸೂರಿನ ನಮ್ಮ ಮನೆಯ ಕಿಟಕಿಯ ಕೆಳಗಿದ್ದ ಒಂದು ಮಣೆ. ಧನುರ್ಮಾಸ ಹಿಡಿದ ದಿನ ಅಮ್ಮ ಅದನ್ನು ತೊಳೆದು ಅಲ್ಲಿಡುತ್ತಿದ್ದಳು. ಚಳಿಗಾಲ ಕೊಟ್ಟದ್ದೆಲ್ಲ ಅದರ ಮೇಲೆ ಬಂದು ಕೂರಬೇಕು. ಇಬ್ಬನಿ ಆರದ ಅವರೆ, ಸಗಣಿ ಉಂಡೆಗೆ ಸಿಕ್ಕಿಸಿದ ಕುಂಬಳದ ಹೂವು, ಯಾರೋ ಕೊಟ್ಟ ಕಬ್ಬಿನ ತುಂಡು, ಉದುರಿದ ಹೊಂಗೆಯೆಲೆ. ದುಡ್ಡು ಕೊಟ್ಟು ತಂದದ್ದು ಆ ಮಣೆಗೆ ಸಲ್ಲುತ್ತಿರಲಿಲ್ಲ. ಸಂಕ್ರಾಂತಿಯ ದಿನ ಹಣ್ಣುಕಾಯಿ ನಮಗೆ, ಹಸಿರು ಹಸುವಿಗೆ, ಒಣಗಿದ್ದು ಸಂಜೆಯ ಕಿಚ್ಚಿಗೆ. ಒಂದು ವರ್ಷ ಹಬ್ಬದ ಹಿಂದಿನ ದಿನ ನಾನು ಕೆರೆ ಏರಿಯಿಂದ ಎಲಚಿ ಹಣ್ಣು ಆಯ್ದು ತಂದೆ. ಯುದ್ಧದ ಕಾಲ, ಮಿಲಿಟರಿ ಲಾರಿಗಳ ಧೂಳು ಹಣ್ಣಿಗೂ ಮೆತ್ತಿತ್ತು. ತುಂಬಿದ ಬಸುರಿ ಅಮ್ಮ ಸೊಂಟ ಹಿಡಿದುಕೊಂಡು ಬಗ್ಗಿ ನನ್ನ ಜೇಬು ನೋಡಿದಳು.

"ಅರ್ಧ ತಿಂದ್ಕೊಂಡೇ ಬಂದಿದೀಯಲ್ಲೋ. ದೇವ್ರಿಗೆ ಬರೀ ಬೀಜಾನಾ?"

"ಬೈಬೇಡ ಬಿಡೇ," ಎಂದಳು ಅಪ್ಪನ ತಾಯಿ, ನಮ್ಮಜ್ಜಿ. "ಹೊಟ್ಟೇಲಿರೋದು ಕೇಳಿಸ್ಕೊಂಡು ಹಬ್ಬಕ್ಕೆ ಬರಲ್ಲ ಅಂದ್ಬಿಟ್ಟಾತು."

ಅಮ್ಮ ನಕ್ಕಳು. ನಾನು ಕೇಳಿದ ಅವಳ ಕೊನೆಯ ನಗು ಅದು. ಮರುದಿನ ಬೆಳಿಗ್ಗೆ ಹೆರಿಗೆಯಲ್ಲಿ ಅಮ್ಮ ತೀರಿಕೊಂಡಳು. ಮಗುವೂ ಉಳಿಯಲಿಲ್ಲ.

ಹಬ್ಬದ ದಿನವೇ ಸಾವಾದರೆ ಆ ಮನೆಗೆ ಆ ಹಬ್ಬ ನಿಂತುಹೋಗುತ್ತದೆ ಎಂಬುದು ನಮ್ಮವರ ಕಟ್ಟು. ಮುಂದೆಂದಾದರೂ ಅದೇ ಹಬ್ಬದ ದಿನ ಮನೆಯಲ್ಲಿ ಮಗುವೋ ಕೊಟ್ಟಿಗೆಯಲ್ಲಿ ಕರುವೋ ಹುಟ್ಟಿದರೆ ಮಾತ್ರ ಅದು ತಿರುಗಿ ಬರುತ್ತದೆ. ಅಲ್ಲಿಯವರೆಗೆ ಮಣೆ ಇಲ್ಲ, ಕಿಚ್ಚಿಲ್ಲ. ಬೇರೆಯವರು ಕೊಟ್ಟ ಎಳ್ಳು ತಿನ್ನಬಹುದು, ನಾವು ಬೀರುವಂತಿಲ್ಲ. ಅಪ್ಪ ಮತ್ತೆ ಮದುವೆಯಾಗಲಿಲ್ಲ. ದಿನಾ ಬೆಳಿಗ್ಗೆ ರಿಚರ್ಡ್ಸ್ ಟೌನಿನ ಬಂಗಲೆಗಳಿಗೆ ಹಾಲು ಹಾಕಿ ಬಂದು, ಸುಮ್ಮನೆ ಜಗಲಿಯ ಮೇಲೆ ಕೂರುತ್ತಿದ್ದ.

ಎರಡು ಚಳಿಗಾಲ ಹಾಗೆಯೇ ಕಳೆದವು. ಮೂರನೆಯದರಲ್ಲಿ ನಮ್ಮ ಹಸು ಕೆಂಪಿ ಗಬ್ಬವಾಗಿತ್ತು, ಅದರ ದಿನ ಹಬ್ಬದ ಹತ್ತಿರಕ್ಕೇ ಬರುವಂತಿತ್ತು. ಅಜ್ಜಿ ಮಣೆಯನ್ನು ಅಟ್ಟದಿಂದ ಇಳಿಸಿ ತೊಳೆದಳು, ಆದರೆ ಕಿಟಕಿಯ ಕೆಳಗೆ ಇಡಲಿಲ್ಲ, ಗೋಡೆಗೆ ಒರಗಿಸಿದಳು. ದಿನವೂ ಕೆಂಪಿಯ ಕೊರಳಡಿ ಜೋಲುವ ಗಂಗೆದೊಗಲು ನೀವುತ್ತಾ, "ತಡ್ಕೊಳೇ ತಾಯಿ, ಇನ್ನೊಂದ್ ಸ್ವಲ್ಪ ದಿನ," ಎನ್ನುತ್ತಿದ್ದಳು.

ಪಕ್ಕದ ಮನೆಯ ಮುನಿಯಮ್ಮ ಬೇಲಿಯಾಚೆಯಿಂದ ಕೇಳಿದಳು, "ಏನಜ್ಜೀ, ಹಸೂಗೆ ಪಂಚಾಂಗ ಓದಿಸ್ತಿದೀರಾ?"

"ಓದ್ಲಿ ಬಿಡು. ನಿನಗಿಂತ ಬೇಗ ಕಲೀತದೆ. ಈ ಹುಡುಗನಿಗೆ ಒಂದು ಹಬ್ಬ ಬೇಡ್ವೇನೇ?"

ನಾನು ಯಾರಿಗೂ ಹೇಳದೆ ಎಲಚಿ ಹಣ್ಣು ಕೂಡಿಡತೊಡಗಿದೆ. ಈ ಸಲ ಒಂದನ್ನೂ ತಿನ್ನಲಿಲ್ಲ.

ಹಬ್ಬದ ಹಿಂದಿನ ದಿನ, ದೀಪ ಹಚ್ಚುವ ಹೊತ್ತಿಗೆ ಕೆಂಪಿ ಕರು ಹಾಕಿತು. ಹೆಣ್ಣು ಕರು, ಹಣೆಯ ಮೇಲೆ ಬಿಳಿ ಬೊಟ್ಟು. ಅಜ್ಜಿ ಹುಲ್ಲಿನಲ್ಲಿ ಅದರ ಮೈ ಒರೆಸತೊಡಗಿದಳು. ಅಪ್ಪ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ.

"ನಾಳೆ ಹುಟ್ತು ಅಂದ್ಬಿಡೋಣಮ್ಮ. ಯಾರು ಬಂದು ಕೇಳ್ತಾರೆ?"

ಅಜ್ಜಿ ತಲೆ ಎತ್ತಲಿಲ್ಲ. "ಹೋದೋಳು ಹಬ್ಬದ ದಿನಾನೇ ಹೋದ್ಲು ಕಣಪ್ಪಾ. ಅವಳ ಹತ್ರ ಸುಳ್ಳು ಹೇಳಕ್ಕಾಗುತ್ತಾ?"

ಅಪ್ಪ ಒಳಗೆ ಹೋಗಿ ಮಣೆಯನ್ನು ಅಟ್ಟಕ್ಕೆ ಸೇರಿಸಿದ. ನನ್ನ ಹಣ್ಣುಗಳು ಆಗಲೇ ಸುಕ್ಕುಗಟ್ಟಿದ್ದವು. ಅಜ್ಜಿ ಅವನ್ನು ನನ್ನ ಕೈಗೇ ಸುರಿದು, "ತಿನ್ನು ಮಗಾ, ಹಬ್ಬದ್ದಲ್ಲ, ಬರೀ ಹಣ್ಣು," ಎಂದಳು. ಮರುದಿನ ನಮ್ಮ ಮನೆಯಲ್ಲಿ ಅನ್ನ, ಹುರುಳಿಸಾರು. ಬೀದಿಯಲ್ಲಿ ಅರಿಸಿನ ಬಳಿದ ಹಸುಗಳು ಕಿಚ್ಚು ಹಾಯುವ ಗದ್ದಲ ಕೇಳುತ್ತಿತ್ತು. ಅಜ್ಜಿ ಬಾಗಿಲು ಮುಚ್ಚಲಿಲ್ಲ, ಹೊರಗೂ ಬರಲಿಲ್ಲ.

ಈಗ ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ. ಮನೆಯನ್ನು ಒಡೆದು ಕಟ್ಟಿದಾಗ ಕೊಟ್ಟಿಗೆ ಹೋಯಿತು. ನನ್ನ ಮಗಳು ಹುಟ್ಟಿದ್ದು ಆಷಾಢದಲ್ಲಿ, ಮಗ ನವರಾತ್ರಿಯ ಹೊತ್ತಿಗೆ, ಮೊಮ್ಮಗ ಬಿರುಬೇಸಿಗೆಯಲ್ಲಿ. ಹಬ್ಬದ ದಿನ ಅಕ್ಕಪಕ್ಕದ ಮಕ್ಕಳು ಎಳ್ಳು ತಂದುಕೊಡುತ್ತಾರೆ, ನಾವು ತಿನ್ನುತ್ತೇವೆ, ಖಾಲಿ ತಟ್ಟೆ ಹಿಂತಿರುಗಿಸುತ್ತೇವೆ. ಸಂಕ್ರಾಂತಿಯ ದಿನ ನಮ್ಮ ಮನೆಯಲ್ಲಿ ಇನ್ನೂ ಯಾರೂ ಹುಟ್ಟಿಲ್ಲ.