ಗೌಳತಿಯ ಚಿತ್ರ ಮತ್ತು ನಾನು ಹರಿದ ಚೀಟಿಗಳು

ಗೆಳೆಯರೇ, ಇವತ್ತು ನಾನು ಯಾರ ಪರ ಹೋರಾಡಿದೆನೋ ನನಗೇ ತಿಳಿಯುತ್ತಿಲ್ಲ.

ಹುಕ್ಕೇರಿ ಬಸ್‌ ಸ್ಟ್ಯಾಂಡಿನ ಹತ್ತಿರ ಬಾಳವ್ವನ ಮಜ್ಜಿಗೆ ಅಂಗಡಿ. ಗೋಡೆಯ ಮೇಲೆ ಅವಳ ಮಾವನ ಕಾಲದ ಒಂದು ಚಿತ್ರ: ತಲೆಯ ಮೇಲೆ ಕೊಡ ಹೊತ್ತ ಗೌಳತಿ. ಅದರ ಸುತ್ತ ಗಿರಾಕಿಗಳು ಚೀಟಿಯಲ್ಲಿ ಚುಟುಕ ಬರೆದು ಅಂಟಿಸುತ್ತಾರೆ. ಒಂದನ್ನು ಓದಿದೆ:

"ಕೊಡದಾಗ ಹಾಲ ಎಷ್ಟ, ನೀರ ಎಷ್ಟ, ಗೌಳತಿ?
ಕೇಳಿದ್ರ ಎಮ್ಮಿ ಕಡೆ ಕೈ ತೋರಸತಿ!"

ರಕ್ತ ಕುದಿಯಿತು. ದುಡಿಯುವ ಹೆಣ್ಣನ್ನು ಗೇಲಿ ಮಾಡುತ್ತೀರಾ ಎಂದು ಕೂಗಾಡಿ ಎಲ್ಲ ಚೀಟಿ ಹರಿದು ಹಾಕಿದೆ. ಬಾಳವ್ವ ಕಡಗೋಲು ಹಿಡಿದೇ ಎದ್ದು ಬಂದಳು.

"ಏನ್ ಮಾಡಿದ್ರಿ ಅಣ್ಣಾರ! ಮಂದಿ ಇವನ್ನ ಓದಿ ನಗಾಕ ನಿಲ್ತಿದ್ರು, ನಿಂತಾವ್ರು ಮಜ್ಜಿಗಿ ಕುಡೀತಿದ್ರು. ಆ ಎಮ್ಮಿದು ನಾನ ಹೇಳಿ ಬರಸಿದ್ದು. ಈಗ ಎಲ್ಲಾರೂ ಬಾಜೂ ಸೋಡಾ ಅಂಗಡಿಗೆ ಹೋಗ್ತಾರ. ನೀವ ಬರದ ಕೊಡ್ರಿ!"

ಬರೆದೆ: "ಏಳು ಗೌಳತಿ, ಕೊಡ ಇಳಿಸು, ಮುಷ್ಟಿ ಬಿಗಿದು ಬೀದಿಗಿಳಿ!"

ಒಬ್ಬ ಕಂಡಕ್ಟರ್ ಗಟ್ಟಿಯಾಗಿ ಓದಿದ. ಯಾರೂ ನಗಲಿಲ್ಲ. ಇನ್ನೊಬ್ಬ ಅರ್ಧ ಗ್ಲಾಸ್ ಮಜ್ಜಿಗೆ ಬಿಟ್ಟು ಎದ್ದುಹೋದ.

"ಅಕಿ ಕೊಡ ಇಳಿಸಿ ಬೀದಿಗೆ ಹೋದ್ರ ಮಜ್ಜಿಗಿ ನೀವ್ ಮಾರ್ತೀರೇನ್ರಿ?" ಎಂದಳು ಬಾಳವ್ವ. "ನಾಳೆ ಸಂತಿ ಐತಿ. ಮುಂಜಾನಿ ಮಂದಿ ಬರೂದ್ರಾಗ ನಗೂವಂಥಾವು ಹತ್ತ ಬೇಕ ನೋಡ್ರಿ."

ಮೂವತ್ತು ವರ್ಷ ಘೋಷಣೆ ಬರೆದವನು ಸಂಜೆಯಿಂದ ಖಾಲಿ ಹಾಳೆ ಹಿಡಿದು ಕೂತಿದ್ದೇನೆ. ಯಾರನ್ನೂ ಅವಮಾನಿಸದ, ಆದರೆ ಮಜ್ಜಿಗೆ ಮಾರಿಕೊಡುವ ಚುಟುಕ ನಿಮ್ಮಲ್ಲಿದ್ದರೆ ಕಾಮೆಂಟಿನಲ್ಲಿ ಹಾಕಿ. ಕ್ರಾಂತಿಯನ್ನು ನಾಡಿದ್ದು ನೋಡೋಣ.